ಕುಕ್ಕರ್ ಅಂದರೆ ಯಾವ ಕುಕ್ಕರ್?

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಕುಕ್ಕರ್, ಗ್ಯಾಸ್ ಸ್ಟೌ, ಮಿಕ್ಸಿ ಎಲ್ಲವನ್ನೂ ನೋಡುತ್ತೇನೆ. ಬಿಡಿಭಾಗಗಳ ಚೀಲ ಹೆಗಲಿಗೇರಿಸಿಕೊಂಡು ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಕಡೆಗೂ ಹೋಗುತ್ತಿರುತ್ತೇನೆ. ಕೆಲಸಕ್ಕೆ ಬಂದ ಹೊಸದರಲ್ಲಿ ಕುಕ್ಕರ್ ಎಂದರೆ ಒಂದೇ ಸಾಮಾನು, ಗ್ಯಾಸ್ಕೆಟ್ಟು, ವೆಯಿಟ್ಟು, ವಾಲ್ವು ಗೊತ್ತಿದ್ದರೆ ಸಾಕು ಎಂದುಕೊಂಡಿದ್ದೆ. ನಮ್ಮ ಕಡೆ ಆ ಒಂದು ಮಾತಿನಡಿ ಎಷ್ಟೆಲ್ಲ ಪಾತ್ರೆ, ಎಷ್ಟೆಲ್ಲ ಒಲೆ, ಎಂಥೆಂಥ ನೀರು ಇವೆಯೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ಹೊಸದಾಗಿ ಈ ಕೆಲಸ ಕಲಿಯುವ ಹುಡುಗರಿಗೂ ಮನೆಯಲ್ಲಿ ದಿನಾ ಕುಕ್ಕರ್ ಇಡುವವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

1. ಚೀಲ ಕಟ್ಟುವ ಮುಂಚೆ ಯಾವ ಕುಕ್ಕರ್ ಎಂದು ಕೇಳಬೇಕು

ಗೌರಿಬಿದನೂರಿನ ಹತ್ತಿರದ ಹಳ್ಳಿಯಿಂದ ಒಬ್ಬರು ಫೋನ್ ಮಾಡಿ, 'ಅಣ್ಣಾ, ಕುಕ್ಕರ್ ಬಿಸೀನೇ ಆಗ್ತಿಲ್ಲ' ಎಂದರು. ಬಿಸಿ ಆಗದ ಕುಕ್ಕರ್ ಎಂದರೇನು ಎಂದು ಒಂದು ಕ್ಷಣ ಯೋಚಿಸಿದ್ದರೂ ಗೊತ್ತಾಗುತ್ತಿತ್ತು. ನಾನು ಯೋಚಿಸಲಿಲ್ಲ, ಗ್ಯಾಸ್ಕೆಟ್ ಕಟ್ಟಿಕೊಂಡು ಬಸ್ಸು ಹತ್ತಿದೆ. ಅಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಕರೆಂಟಿನ ಅನ್ನದ ಕುಕ್ಕರ್ ಕೂತಿತ್ತು. ಟೆಸ್ಟರ್ ಕೂಡ ನನ್ನ ಬಳಿ ಇರಲಿಲ್ಲ. ಒಂದು ದಿನದ ಕೆಲಸ ಹೋಯಿತು, ಅದಕ್ಕಿಂತ ಹೆಚ್ಚಾಗಿ ಆ ಮನೆಯವರು ಕಾದು ಕೂತಿದ್ದು ವ್ಯರ್ಥವಾಯಿತು.

ಪ್ರೆಷರ್ ಕುಕ್ಕರ್, ಅನ್ನದ ಕುಕ್ಕರ್, ಇಡ್ಲಿ ಕುಕ್ಕರ್, ಎರಡು ಪದರದ ನಡುವೆ ನೀರು ತುಂಬಿಸಿ ಕೂಗಿಸುವ ಹಾಲಿನ ಕುಕ್ಕರ್, ಕನ್ನಡಿ ಮುಚ್ಚಳದ ಸೋಲಾರ್ ಕುಕ್ಕರ್, ಎಲ್ಲವೂ ಬಾಯಲ್ಲಿ ಬರೀ 'ಕುಕ್ಕರ್' ಆಗುತ್ತವೆ. ಊರಿಂದ ಹೊರಗಿರುವವರ ಮಾತು ಇನ್ನೂ ಬೇರೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಹೆಣ್ಣುಮಗಳೊಬ್ಬರು ಫೋನಿನಲ್ಲಿ, 'ಅಮ್ಮನ ಕುಕ್ಕರಿನ ಒಂದು ಬರ್ನರ್ ಹತ್ತುತ್ತಿಲ್ಲ' ಎಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಬ್ರಿಟನ್ನಿನಲ್ಲಿ ಕುಕ್ಕರ್ ಎಂದರೆ ಒಲೆಯೇ. ಬರ್ನರ್, ಓವನ್ ಎರಡೂ ಕೂಡಿರುವ ಇಡೀ ಸ್ಟೌ. ಬೇಯಿಸಿಯೇ ತಿನ್ನಬೇಕಾದ ಹುಳಿ ಸೇಬಿಗೂ ಅಲ್ಲಿ ಕುಕ್ಕರ್ ಎನ್ನುತ್ತಾರಂತೆ. ಈಗ ಫೋನ್ ಬಂದರೆ ಮೊದಲ ಪ್ರಶ್ನೆ: 'ಅಕ್ಕಾ, ಅದು ಕೂಗುತ್ತೋ, ವೈರ್ ಇದೆಯೋ, ಬೆಂಕಿ ಅದರೊಳಗೇ ಉರಿಯುತ್ತೋ?' ಈ ಮೂರರಲ್ಲಿ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ.

2. ಶಿಡ್ಲಘಟ್ಟದಲ್ಲಿ ಬೇಯುವುದು ಬೇಳೆ ಮಾತ್ರವಲ್ಲ

ಶಿಡ್ಲಘಟ್ಟದ ರೀಲರ್ ಒಬ್ಬರು ಕುಕ್ಕರ್ ಸೋರುತ್ತಿದೆ ಎಂದು ಹೇಳಿಕಳಿಸಿದ್ದರು. ಹೋದರೆ ಅದು ರೇಷ್ಮೆಗೂಡು ಬೇಯಿಸುವ ಸ್ಟೀಮಿನ ಪಾತ್ರೆ. ಅದರ ಮುಚ್ಚಳ ನನ್ನ ತೋಳಿಗಿಂತ ಅಗಲ, ಹಿಂದೆ ಬಾಯ್ಲರಿನಿಂದ ಬಂದ ಪೈಪು. ನಾನು ತಂದಿದ್ದ ಅತಿ ದೊಡ್ಡ ಗ್ಯಾಸ್ಕೆಟ್ಟನ್ನು ನೋಡಿ ಅವರು ಏನೂ ಅನ್ನಲಿಲ್ಲ. 'ಬಂದಿದ್ದೀರ, ಕೂತ್ಕೊಳಿ ಭಾಯ್, ಚಾ ಕುಡೀರಿ' ಎಂದು ಕೂರಿಸಿ ಕೆಲಸ ತೋರಿಸಿದರು. ಆ ಮಧ್ಯಾಹ್ನ ಕಲಿತದ್ದನ್ನು ಮರೆತಿಲ್ಲ.

ಗೂಡಿನ ಎಳೆಯನ್ನು ಹಿಡಿದಿಟ್ಟಿರುವುದು ಸೆರಿಸಿನ್ ಎಂಬ ಅಂಟು. ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಬಿಸಿನೀರಿನಲ್ಲಿ ಅದು ಮೆತ್ತಗಾದರೆ ಮಾತ್ರ ಎಳೆ ಬಿಚ್ಚುತ್ತದೆ. ಕಡಿಮೆ ಬೆಂದರೆ ಎಳೆ ಪದೇ ಪದೇ ತುಂಡಾಗುತ್ತದೆ. ಜಾಸ್ತಿ ಬೆಂದರೆ ಪದರ ಪದರವೇ ಕಿತ್ತು ಬಂದು ದಾರದಲ್ಲಿ ಗಂಟಾಗುತ್ತದೆ, ವೇಸ್ಟು ಹೆಚ್ಚುತ್ತದೆ. ಮಿಶ್ರತಳಿಯ ಒಂದು ಕಿಲೋ ರೇಷ್ಮೆಗೆ ಏಳೆಂಟು ಕಿಲೋ ಗೂಡು ಬೇಕು. ಬೇಯಿಸುವುದರಲ್ಲಿ ಸ್ವಲ್ಪ ಎಡವಿದರೂ ಅದು ಕಾಸಿನಲ್ಲೇ ಕಾಣುತ್ತದೆ. ಚರಕದ ಒಲೆಯಲ್ಲಿ ಅದೇ ಬಟ್ಟಲಿನ ನೀರಲ್ಲಿ ಬೇಯಿಸಿ ಅಲ್ಲೇ ಬಿಚ್ಚುತ್ತಾರೆ. ಕಾಟೇಜ್ ಬೇಸಿನ್‌ನಲ್ಲಿ ಬೇಯಿಸಲು ಬೇರೆ ಪಾತ್ರೆ, ಬಿಚ್ಚಲು ಬೇರೆ. ಆ ಕೆಲಸಗಾರರಿಗೆ ಗಡಿಯಾರ ಬೇಕಿಲ್ಲ. ಗೂಡು ನೀರೊಳಗೆ ಬಣ್ಣ ಬದಲಿಸಿ ಮುಳುಗುವ ರೀತಿ ನೋಡಿಯೇ ಜಾಲರಿಸೌಟು ಎತ್ತುತ್ತಾರೆ.

ಸ್ಟೀಮ್ ಪಾತ್ರೆಗೆ ನಾನು ಕೈ ಹಾಕಲಿಲ್ಲ. ಬಾಯ್ಲರ್ ಕೆಲಸಕ್ಕೆ ತಪಾಸಣೆಯ ಕಾನೂನು 1923ರಿಂದಲೇ ಇದೆ, ಅದಕ್ಕೆ ಪರವಾನಗಿ ಇರುವವರೇ ಬರಬೇಕು. ಅವರಿಗೆ ಹಾಗೆಂದು ಹೇಳಿ, ಆ ಕೆಲಸದವರ ನಂಬರು ಹುಡುಕಿ ಕೊಟ್ಟೆ. ಆಗದ ಕೆಲಸವನ್ನು ಆಗದು ಎಂದು ಹೇಳಲು ಮೊದಮೊದಲು ನಾಲಿಗೆ ಹೊರಳುತ್ತಿರಲಿಲ್ಲ. ಹಬೆಯ ವಿಷಯದಲ್ಲಿ ಮಾತ್ರ ಅದನ್ನು ಬೇಗ ಕಲಿಯಬೇಕು.

3. ವಿಷಲ್ ಎಣಿಸಿದರೆ ಬೇಳೆ ಬೇಯುವುದಿಲ್ಲ

ಅಂಗಡಿಗೆ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಕೂಗಿನದು. 'ಕೂಗ್ತಾನೇ ಇಲ್ಲ', 'ಬರೀ ಕೂಗ್ತದೆ', ಬಾಗೇಪಲ್ಲಿ ದಿಕ್ಕಿನಿಂದ ಬಂದವರಾದರೆ ತೆಲುಗಿನಲ್ಲಿ 'ವಿಜಿಲ್ ರಾಲೇದನ್ನಾ' (ವಿಷಲ್ ಬರಲಿಲ್ಲ ಅಣ್ಣಾ). ವಿಷಲ್ ಬರುವಂತೆ ಮಾಡಿಕೊಟ್ಟರೆ ನನ್ನ ಕೆಲಸ ಮುಗಿಯಿತೆಂದು ಹಲವು ವರ್ಷ ನಂಬಿದ್ದೆ. ಹಾಗೆ ಮಾಡಿಕೊಟ್ಟ ಕುಕ್ಕರುಗಳು ವಾರದೊಳಗೆ ವಾಪಸ್ಸು ಬರುತ್ತಿದ್ದವು: 'ಕೂಗ್ತದೆ, ಆದ್ರೆ ಬೇಯಲ್ಲ.'

ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ನಮ್ಮ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ 97ಕ್ಕೇ ಕುದಿ ಬರುತ್ತದೆ. 1,478 ಮೀಟರಿನ ನಂದಿಬೆಟ್ಟದ ಮೇಲೆ 95ರ ಹತ್ತಿರ. ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಹಾಕಿದರೂ ನೀರಿನ ಕಾವು ಅದಕ್ಕಿಂತ ಮೇಲೇರದು. ಕುಕ್ಕರಿನ ವೆಯಿಟ್ ಹಬೆಯನ್ನು ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡದವರೆಗೆ ತಡೆದಿಡುವುದರಿಂದ ನಮ್ಮ ಎತ್ತರದಲ್ಲೂ ಒಳಗಿನ ಕಾವು 118 ಡಿಗ್ರಿಯ ಸುಮಾರಿಗೆ ಹೋಗುತ್ತದೆ. ವೆಯಿಟ್ ಎದ್ದಿತೆಂದರೆ ಒತ್ತಡ ತುಂಬಿತೆಂದರ್ಥ. ಆಮೇಲಿನ ದೊಡ್ಡ ಉರಿಯೆಲ್ಲ ಹಬೆಯಾಗಿ ಹೊರಗೆ ಹೋಗುತ್ತದೆ, ಗ್ಯಾಸು ಮಾತ್ರ ಖರ್ಚು.

ದೊಡ್ಡ ಉರಿಯಲ್ಲಿ ಮೂರು ಕೂಗು ನಾಲ್ಕೈದು ನಿಮಿಷದಲ್ಲಿ ಬಂದುಬಿಡಬಹುದು, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಹಿಡಿಯಬಹುದು. ಅತ್ತೆಮನೆಯ 'ಮೂರು ಕೂಗು' ತವರುಮನೆಯ ಸ್ಟೌ ಮೇಲೆ ಹೊಂದದಿರುವುದು ಇದರಿಂದಲೇ. ಮೊದಲ ಕೂಗು ಬಂದ ಕೂಡಲೇ ಉರಿ ಇಳಿಸಿ, ಅಲ್ಲಿಂದ ನಿಮಿಷ ಲೆಕ್ಕ ಹಾಕಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಕೆಲವರು ಮಾಡಿ ನೋಡಿ, ಸಿಲಿಂಡರ್ ಕೆಲವು ದಿನ ಹೆಚ್ಚಿಗೆ ಬಂತು ಎಂದಿದ್ದಾರೆ. ಕೆಲವರಿಗೆ ಕೂಗು ಕೇಳದಿದ್ದರೆ ಸಮಾಧಾನವೇ ಇಲ್ಲ. ಅಂಥವರ ಜತೆ ವಾದಕ್ಕೆ ಹೋಗಬಾರದು.

ಇನ್ನೊಂದು ಮಾತು. ಬೇರೆ ಅಡುಗೆಗೆ ಮೂರನೇ ಎರಡು ಭಾಗ, ಉಬ್ಬುವ ಅಕ್ಕಿಗೂ ಬೇಳೆಕಾಳಿಗೂ ಅರ್ಧ, ಅದಕ್ಕಿಂತ ಜಾಸ್ತಿ ತುಂಬಬಾರದು. ಅವರೆಕಾಳಿನ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಈ ನಿಯಮ ಯಾರ ಮನೆಯಲ್ಲೂ ನಿಲ್ಲುವುದಿಲ್ಲ. ಹಿತುಕಿದವರೆ ನೊರೆ ಉಕ್ಕಿಸಿ ವೆಂಟಿನ ತೂತನ್ನು ಕಟ್ಟಿಸಿಕೊಂಡು ಬಂದ ಕುಕ್ಕರುಗಳನ್ನು ಡಿಸೆಂಬರ್, ಜನವರಿಯಲ್ಲಿ ಅಂಗಡಿ ತುಂಬ ಕಾಣಬಹುದು.

4. ನೀರು ಎಲ್ಲಿಂದ ತರುತ್ತೀರಿ ಎಂದು ಕೇಳದೆ ಗ್ಯಾಸ್ಕೆಟ್ ಬದಲಾಯಿಸಬೇಡಿ

ಇದನ್ನು ನಾನು ತೀರ ತಡವಾಗಿ ಕಲಿತೆ, ನನ್ನನ್ನು ಹೆಚ್ಚು ಕಾಡುವುದೂ ಇದೇ. ಚಿಂತಾಮಣಿ ಕಡೆಯ ಒಬ್ಬ ಅಜ್ಜಿ ಒಂದೇ ವರ್ಷದಲ್ಲಿ ಮತ್ತೆ ಮತ್ತೆ ಬಂದರು. ಪ್ರತಿಸಲ ಬೇಳೆ ಬೇಯುತ್ತಿಲ್ಲವೆಂದೇ ದೂರು. ನಾನು ಒಂದು ಸಲ ಗ್ಯಾಸ್ಕೆಟ್, ಒಂದು ಸಲ ವೆಯಿಟ್, ಇನ್ನೊಂದು ಸಲ ವಾಲ್ವ್ ಬದಲಾಯಿಸಿ ಕಾಸು ತೆಗೆದುಕೊಂಡೆ. ಕೊನೆಗೆ ಮುಚ್ಚಳವನ್ನು ಬಿಸಿಲಿಗೆ ಹಿಡಿದು ವೆಂಟ್ ಪೈಪಿನೊಳಗೆ ಕಣ್ಣಿಟ್ಟು ನೋಡಿದೆ. ಪೆನ್ಸಿಲ್ ಮುಳ್ಳಿನಷ್ಟು ಅಗಲವಿರಬೇಕಾದ ತೂತು ಸೂಜಿಮೊನೆಯಷ್ಟಾಗಿತ್ತು. ಸುತ್ತ ಬಿಳಿಯ ಗಟ್ಟಿ ಪದರ. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿ ಉದುರಿತು. ಪಾತ್ರೆಯ ಒಳತಳದಲ್ಲೂ ಅದೇ ಪದರ, ಅದರಡಿ ಅಲ್ಯೂಮಿನಿಯಂ ಕಪ್ಪಾಗಿತ್ತು.

ಅವರ ಮನೆಗೆ ಬರುತ್ತಿದ್ದುದು ಆಳದ ಕೊಳವೆಬಾವಿಯ ನೀರು. ನಾನು ಓಡಾಡುವ ತಾಲ್ಲೂಕುಗಳಲ್ಲಿ ಬೋರು ಸಾವಿರ ಅಡಿ ದಾಟಿ ಹೋಗಿರುವ ಹಳ್ಳಿಗಳು ಬಹಳ. ಆ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯ ಸಿಪ್ಪೆಯಲ್ಲೂ ತಿರುಳಲ್ಲೂ ಇರುವ ಪೆಕ್ಟಿನ್ ಜತೆ ಕೂಡಿಕೊಂಡು ಕಾಳನ್ನು ಮೆತ್ತಗಾಗಲು ಬಿಡುವುದಿಲ್ಲ. ಕುಕ್ಕರಿನ ತಪ್ಪೇ ಇರಲಿಲ್ಲ. ಹಳ್ಳಿಯ ಶುದ್ಧ ನೀರಿನ ಘಟಕದಿಂದ ಕುಡಿಯುವುದಕ್ಕೆ ಕ್ಯಾನ್ ತರುತ್ತಿದ್ದರು, ಅಡುಗೆಗೆ ಮಾತ್ರ ನಲ್ಲಿನೀರು. 'ಬೇಳೆಗೂ ಕ್ಯಾನಿನ ನೀರೇ ಹಾಕಿ ಅಮ್ಮಾ' ಎಂದೆ. ಮುಂದಿನ ಸಲ ಕುಕ್ಕರ್ ತಾರದೆ ಬರೀ ಹೇಳಲೆಂದೇ ಬಂದರು. ನಾನು ತೆಗೆದುಕೊಂಡಿದ್ದ ಬಿಡಿಭಾಗಗಳ ಹಣವನ್ನು ವಾಪಸ್ಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಗಡಸು ಒಂದೇ ಆದರೆ ಬೇಳೆಯ ಮಾತಾಗಿ ಮುಗಿಯುತ್ತಿತ್ತು. ನಮ್ಮ ಕಡೆಯ ನೀರಲ್ಲಿ ಫ್ಲೋರೈಡೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕದಲ್ಲಿದೆ. ಅದು ಹೆಚ್ಚಾಗಿ ಹಲ್ಲು ಕಂದಿದ ಮಕ್ಕಳನ್ನು ಹಳ್ಳಿಗಳಲ್ಲಿ ನೋಡುತ್ತಲೇ ಇದ್ದೇವೆ. ಕುಕ್ಕರಿನಲ್ಲಿ ಕುದಿಸಿದರೆ ನೀರು ಶುದ್ಧವಾಯಿತು ಎಂದು ಬಹಳ ಜನ ನಂಬಿದ್ದಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಅಂತರ್ಜಲ ಹೆಚ್ಚಲೆಂದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿದು ಬರುತ್ತಿದೆ, ಕಂದವಾರ ಕೆರೆ ತುಂಬಿದ್ದನ್ನು ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಕುಕ್ಕರಿನ ತಳದ ಬಿಳಿ ಪದರ ನನ್ನ ಅಂಗಡಿಯಲ್ಲಿ ಕಡಿಮೆಯಾಗಿಲ್ಲ. ಅಡುಗೆಗೂ ಘಟಕದ ನೀರೇ ಬಳಸಬೇಕೆಂದು ರಿಪೇರಿಯವನು ಹೇಳಿದರೆ ಕೆಲವರಿಗೆ ಅಧಿಕಪ್ರಸಂಗ ಎನಿಸುತ್ತದೆ. ಎನಿಸಲಿ, ಹೇಳುತ್ತೇನೆ.

ಪದರ ತೆಗೆಯಲು ಹುಣಸೆಹಣ್ಣಿನ ನೀರು ಹಾಕಿ ಕುದಿಸಿದರೆ ಸಾಕು. ಇಡ್ಲಿಗೋ ಆಲೂಗಡ್ಡೆಗೋ ತಳದಲ್ಲಿ ನೀರಿಡುವಾಗ ಹಿಂಡಿದ ನಿಂಬೆಯ ಸಿಪ್ಪೆ ಹಾಕಿದರೆ ಅಲ್ಯೂಮಿನಿಯಂ ಕಪ್ಪಾಗುವುದಿಲ್ಲ. ಇದನ್ನು ನನಗೆ ಕಲಿಸಿದವರು ಗಿರಾಕಿಗಳೇ.

5. ಕೂತಿತೆಂದು ಬೇರೆ ಕುಕ್ಕರಿನ ವೆಯಿಟ್ ಹಾಕಬಾರದು

ಮಕ್ಕಳು ಆಡುತ್ತಾ ವೆಯಿಟ್ ಕಳೆದುಹಾಕಿದ್ದರು. ಅದೇ ಕಂಪನಿಯದು ನನ್ನ ಡಬ್ಬಿಯಲ್ಲಿರಲಿಲ್ಲ. ಬೇರೊಂದು ಹಾಕಿದೆ, ಚೆನ್ನಾಗಿ ಕೂತಿತು. ಎರಡು ದಿನದ ಮೇಲೆ ಫೋನು: ಸೇಫ್ಟಿ ವಾಲ್ವ್ ಹಾರಿ ಬೇಳೆಯೆಲ್ಲ ಸೂರಿಗೆ ಬಡಿದಿದೆ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ನನ್ನ ಪುಣ್ಯ. ಹೋಗಿ ಏಣಿ ಹಾಕಿ ಸೂರು ತೊಳೆದುಕೊಟ್ಟೆ. ಆ ಮನೆಯ ಚಿಕ್ಕ ಮಗು ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಅದರ ಮುಖ ನೋಡಲು ಧೈರ್ಯ ಬರಲಿಲ್ಲ.

ಒಳಗಿನ ಒತ್ತಡ ಎಷ್ಟಾಗಬೇಕೆನ್ನುವುದನ್ನು ಎರಡು ಸಂಗತಿ ತೀರ್ಮಾನಿಸುತ್ತವೆ: ವೆಯಿಟಿನ ತೂಕ, ಅದು ಕೂರುವ ತೂತಿನ ಅಳತೆ. ಅಷ್ಟೇ ತೂಕವನ್ನು ಸಣ್ಣ ತೂತಿನ ಮೇಲಿಟ್ಟರೆ ಒತ್ತಡ ಹೆಚ್ಚುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಆವತ್ತು ಕಾಪಾಡಿದ್ದು ಸೇಫ್ಟಿ ವಾಲ್ವ್. ಡೆನಿ ಪಾಪಾಂ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಲಂಡನ್ನಿನಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಹಬೆಪಾತ್ರೆಯನ್ನು ತೋರಿಸಿದ. ಸೇಫ್ಟಿ ವಾಲ್ವ್ ಕೂಡ ಅವನದೇ ಕೊಡುಗೆ. ಅಷ್ಟು ಹಳೆಯ ಎಚ್ಚರಿಕೆಯನ್ನು ಮುನ್ನೂರು ವರ್ಷದ ಮೇಲೂ ಕೆಲವರು ಸ್ಕ್ರೂ ಹಾಕಿ ಮುಚ್ಚಿಕೊಂಡು ಬರುತ್ತಾರೆ, 'ಪದೇ ಪದೇ ಹೋಗ್ತಿತ್ತು, ಅದಕ್ಕೇ' ಎನ್ನುತ್ತಾರೆ. ಅಂಥದ್ದನ್ನು ತೆಗೆದು ಹೊಸ ವಾಲ್ವ್ ಹಾಕುವವರೆಗೆ ಕುಕ್ಕರನ್ನು ವಾಪಸ್ಸು ಕೊಡುವುದಿಲ್ಲ. ಕಾಸಿಲ್ಲ ಎಂದರೆ ಆಮೇಲೆ ಕೊಡಿ ಎನ್ನುತ್ತೇನೆ.

6. ಐಎಸ್‌ಐ ಗುರುತು ನೋಡಿ ಕೊಳ್ಳಿ

2021ರ ಫೆಬ್ರವರಿಯಿಂದ ಮನೆಬಳಕೆಯ ಪ್ರೆಷರ್ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ತಳದಲ್ಲೋ ಪಕ್ಕದಲ್ಲೋ ಐಎಸ್ 2347 ಎಂದು ಒತ್ತಿರಬೇಕು. ಗುರುತಿಲ್ಲದ ಕುಕ್ಕರ್ ಮಾರಲು ಬಿಟ್ಟದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೂ ದಂಡ ಹಾಕಿತು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹಂಚಲು ತಂದ ಕುಕ್ಕರುಗಳನ್ನು ರಾಜ್ಯದ ಹಲವೆಡೆ ಅಧಿಕಾರಿಗಳು ಹಿಡಿದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಪುಕ್ಕಟೆ ಬಂದದ್ದೋ ಕೊಂಡದ್ದೋ, ಗುರುತು ನೋಡದೆ ಒಲೆಗೆ ಏರಿಸಬಾರದು.

7. ಒಲೆ ಯಾವುದೆಂದು ತಳ ಹೇಳುತ್ತದೆ

ತಳ ಉಬ್ಬಿದ್ದರೆ ನೀರು ಇಂಗಿ ಒಣಗಿದ ಮೇಲೂ ಉರಿ ಇತ್ತು ಎಂದರ್ಥ. ಹಿಡಿಯ ಬೇಕಲೈಟ್ ಸುಟ್ಟು ಬಿರುಕು ಬಿಟ್ಟಿದ್ದರೆ ಸೌದೆ ಒಲೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಹಳ್ಳಿಗಳಲ್ಲೂ ಗ್ಯಾಸಿದೆ. ಆದರೂ ಕಾಫಿಗೆ ಗ್ಯಾಸು, ಮುದ್ದೆಗೂ ಕಾಳಿಗೂ ಸೌದೆ ಎಂದು ಸಿಲಿಂಡರ್ ಉಳಿಸುವ ಮನೆಗಳು ಎಷ್ಟೋ. ಅಂಥವರಿಗೆ ಗ್ಯಾಸಿನ ಮೇಲೇ ಇಡಿ ಎಂದು ಉಪದೇಶ ಮಾಡುವುದನ್ನು ಬಿಟ್ಟೆ. ಉರಿ ಹಿಡಿಯ ಕಡೆ ನೆಕ್ಕದಂತೆ ಕೊಳ್ಳಿ ಹಿಂದಕ್ಕೆ ಎಳೆಯಿರಿ, ತಳಕ್ಕೆ ತೆಳ್ಳಗೆ ಮಣ್ಣು ಸವರಿ, ಮಸಿ ಸುಲಭವಾಗಿ ಹೋಗುತ್ತದೆ ಎನ್ನುತ್ತೇನೆ. ಇಂಡಕ್ಷನ್ ಒಲೆ ಕೊಂಡವರು ತಳಕ್ಕೆ ಆಯಸ್ಕಾಂತ ಅಂಟುತ್ತದೆಯೋ ನೋಡಬೇಕು. ಬರೀ ಅಲ್ಯೂಮಿನಿಯಂ ಆದರೆ ಕಾಯುವುದಿಲ್ಲ.

8. ಕರೆಂಟಿನ ಕುಕ್ಕರನ್ನು ಬಿಚ್ಚುವ ಮುಂಚೆ ಒರೆಸಿ

ಅನ್ನದ ಕುಕ್ಕರಿನ ತಳದ ನಡುವೆ ಸ್ಪ್ರಿಂಗಿನ ಮೇಲೆ ಒಂದು ಗುಂಡಿಯಿರುತ್ತದೆ, ಒಳಗೆ ಆಯಸ್ಕಾಂತ. ನೀರಿರುವವರೆಗೆ ಬಟ್ಟಲಿನ ತಳ ಕುದಿಯುವ ಕಾವನ್ನು ದಾಟದು. ಅಕ್ಕಿ ನೀರನ್ನೆಲ್ಲ ಹೀರಿದ ಕೂಡಲೇ ಕಾವು ಏರಿ, ಆಯಸ್ಕಾಂತದ ಹಿಡಿತ ಸಡಿಲಿ, ಸ್ವಿಚ್ಚು ತಾನೇ ಬೀಳುತ್ತದೆ. ಒಂದು ಕುಕ್ಕರನ್ನು ಪೂರ್ತಿ ಬಿಚ್ಚಿ, ಹೀಟರ್ ಪ್ಲೇಟ್ ಕೆಟ್ಟಿದೆಯೆಂದು ಹೇಳಿ, ಹೊಸ ಪ್ಲೇಟಿಗೆ ಬೆಂಗಳೂರಿಗೆ ಹೋಗಿ ಬಂದ ಮೇಲೆ ಗೊತ್ತಾಯಿತು: ಗುಂಡಿಯ ಪಕ್ಕದ ಸಂದಿನಲ್ಲಿ ಒಣಗಿ ಕಲ್ಲಾದ ಒಂದು ಅನ್ನದ ಅಗುಳು. ಬಟ್ಟಲು ಅದರ ಮೇಲೆ ಓರೆಯಾಗಿ ಕೂರುತ್ತಿತ್ತು, ತಳ ತಾಗುತ್ತಿರಲಿಲ್ಲ. ಈಗ ಮೊದಲು ಒದ್ದೆ ಬಟ್ಟೆ, ಆಮೇಲೆ ಸ್ಕ್ರೂಡ್ರೈವರ್.

9. ತಂದವರಿಗಿಂತ ಅಡುಗೆ ಮಾಡುವವರನ್ನು ಕೇಳಿ

ಜಪಾನಿನಲ್ಲಿ ತಾನೇ ಆಫ್ ಆಗುವ ಅನ್ನದ ಕುಕ್ಕರ್ 1955ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ತಯಾರಿಸುವ ಹೊಣೆ ಹೊತ್ತ ಯೊಶಿತಾದಾ ಮಿನಾಮಿ ಅವರ ಮನೆಯಲ್ಲಿ ದಿನವೂ ಅನ್ನ ಬೇಯಿಸಿ, ಕಾವು ಬರೆದಿಟ್ಟು, ಹದ ಹೇಳಿದವರು ಅವರ ಪತ್ನಿ ಫುಮಿಕೊ. ಇದನ್ನು ಓದಿದಾಗ ನನ್ನ ಅಂಗಡಿಯ ಕಟ್ಟೆ ನೆನಪಿಗೆ ಬಂತು. ಕುಕ್ಕರ್ ಹೊತ್ತು ತರುವವರು ಹೆಚ್ಚಾಗಿ ಗಂಡಸರು, ಬೈಕಿನ ಹಿಂದೆ ಕಟ್ಟಿಕೊಂಡು. ಏನು ತೊಂದರೆ ಎಂದರೆ 'ಸರಿ ಇಲ್ವಂತೆ' ಎನ್ನುತ್ತಾರೆ. ಆ 'ಅಂತೆ'ಯ ಮೇಲೆ ಎಷ್ಟೋ ಕುಕ್ಕರುಗಳನ್ನು ಸುಮ್ಮಸುಮ್ಮನೆ ಬಿಚ್ಚಿದ್ದೇನೆ.

ಈಗ ಮನೆಗೆ ಫೋನ್ ಹಚ್ಚಿಸುತ್ತೇನೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ಒಬ್ಬ ತಾಯಿ ಹೇಳಿದ್ದು ಹೀಗೆ: 'ಮೊದ್ಲು ಒಂದೇ ಸಲ ಜೋರಾಗಿ ಕೂಗಿ ನಿಲ್ತಿತ್ತು ಅಣ್ಣಾ. ಈಗ ಎಳೀತದೆ, ಸಣ್ಣಗೆ, ಹಿಡಿ ಕಡೆಯಿಂದ.' ಅವರ ಯಜಮಾನರು ತಂದಿದ್ದು ಗ್ಯಾಸ್ಕೆಟ್ ಬದಲಾಯಿಸಲೆಂದು. ಹಿಡಿ ಬಿಚ್ಚಿ ನೋಡಿದರೆ, ಸ್ಕ್ರೂ ಕೂರುವ ಜಾಗದಿಂದ ಮುಚ್ಚಳದ ಅಂಚಿನವರೆಗೆ ಕೂದಲೆಳೆಯಷ್ಟು ಬಿರುಕು ಓಡಿತ್ತು. ಹಿಡಿ ಮುಚ್ಚಿದ್ದರಿಂದ ಹೊರಗೆ ಕಾಣುತ್ತಿರಲಿಲ್ಲ. ಅಂಥ ಮುಚ್ಚಳಕ್ಕೆ ರಿಪೇರಿ ಇಲ್ಲ, ಬೆಸುಗೆ ಹಾಕಿಯೂ ಒಲೆಗಿಡಬಾರದು. ಅದೇ ಕಂಪನಿಯ, ಅದೇ ಅಳತೆಯ ಹೊಸ ಮುಚ್ಚಳ ತರಿಸಿಕೊಟ್ಟೆ. ಹಳೆಯದನ್ನು ಅಂಗಡಿಯ ಗೋಡೆಗೆ ನೇತುಹಾಕಿದ್ದೇನೆ, ಕೆಲಸ ಕಲಿಯಲು ಬಂದ ಹುಡುಗನಿಗೆ ಬಿರುಕು ಎಲ್ಲಿದೆ ಎಂದು ಹುಡುಕಲು ಹೇಳುತ್ತೇನೆ.